ಮಷಿನ್ನಿನ ಮುಖ

ಗುರುವಾರ, ೧೪ ನವೆಂಬರ್ ೨೦೨೪, ಕೃಷ್ಣರಾಜನಗರ

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ವರ್ಕ್‌ಶಾಪಿಗೆ ಈಗಷ್ಟೇ ಬಂದ, ಲೋಹ ಕೊರೆಯುವ ಆ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮಷಿನ್ನನ್ನು ಮಟ್ಟವಾಗಿ ಕೂರಿಸಲು ನನಗೆ ಮೂರು ದಿನ ಹಿಡಿಯಿತು. ಕಾಲಿನ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸುತ್ತಾ, ರಸಮಟ್ಟದ ಗುಳ್ಳೆ ನಡುವೆ ಬಂದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಮಾಡಿದ ಕೆಲಸ. ನಿನ್ನೆ ಸಂಜೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಇವತ್ತು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಷಿನ್ ಬೇರೆ ಕಡೆಗೆ ಮುಖ ಮಾಡಿ ನಿಂತಿದೆ! ನಮ್ಮ ಓನರ್ ಗೌರೀಶ್ ಅವರ ಮಾವ ರುದ್ರಸ್ವಾಮಿ, ನಾಳಿನ ಮಷಿನ್ ಪೂಜೆಗೆಂದು ಬಂದವರು, ಆರು ಜನರಿಂದ ಹಾರೆ ಹಾಕಿಸಿ ತಿರುಗಿಸಿಬಿಟ್ಟಿದ್ದಾರೆ. ಒಂದು ಕಾಲಡಿ ನಿಂಬೆಹಣ್ಣು ಬೇರೆ ಜಜ್ಜಿಹೋಗಿದೆ.

“ಮಟ್ಟ ಎಲ್ಲಾ ಹೋಯ್ತಲ್ಲ ಸಾರ್,” ಅಂದೆ.

“ಏನೂ ಆಗಿಲ್ಲ ಕಣವ್ವ. ಒಂಚೂರು ತಿರುಗಿಸ್ದೊ ಅಷ್ಟೆ. ಮಷಿನ್ ಮಕ ಪೂರ್ವಕ್ಕಿದ್ರೇನೇ ಒಳ್ಳೇದು,” ಅಂದರು ರುದ್ರಸ್ವಾಮಿ.

ಗೌರೀಶ್ ಅವರ ಮುಖ ನೋಡಿದೆ. “ದೊಡ್ಡೋರು ಹೇಳವ್ರೆ, ಬುಡಮ್ಮ ಉಷಾ. ಇನ್ನೊಂದ್ಸಲ ನೋಡ್ಕೊಂಡ್ರಾಯ್ತು.”

ನೋಡಿಕೊಳ್ಳುವುದಂತೆ! ಮೂರು ದಿನದ ಕೆಲಸವನ್ನು ಒಂದೇ ದಿನದಲ್ಲಿ. ನಾಳೆ ಮಧ್ಯಾಹ್ನ ಸಾಲಿಗ್ರಾಮದ ಅಕ್ಕಿ ಗಿರಣಿಯವರು ತಮ್ಮ ಬಿಡಿಭಾಗದ ಮೊದಲ ಪೀಸ್ ಅಳೆದು ನೋಡಲು ಬರುತ್ತಾರೆ. ಅಳತೆ ತಪ್ಪಿದರೆ ದಿಕ್ಕನ್ನು ಯಾರೂ ಬೈಯುವುದಿಲ್ಲ, ಹೆಣ್ಣುಮಗಳ ಕೈಗೆ ಕೊಟ್ಟಿದ್ದೇ ತಪ್ಪು ಅನ್ನುತ್ತಾರೆ.

ಈಗ ಮಷಿನ್ನಿನ ಮುಖ ಪೂರ್ವಕ್ಕಿದೆ. ಅದರೆದುರು ದಿನಕ್ಕೆ ಎಂಟು ಗಂಟೆ ನಿಲ್ಲುವ ನನ್ನ ಮುಖ ಪಶ್ಚಿಮಕ್ಕೆ. ಅದು ಒಳ್ಳೆಯದೋ ಕೆಟ್ಟದ್ದೋ, ಒಬ್ಬರೂ ಕೇಳಲಿಲ್ಲ.