ಬೇಡಿಕೆ ಸೊನ್ನೆ

ಜೂನ್ ೧೧, ಮಂಗಳವಾರ

ಗಾಲಿಕುರ್ಚಿಯ ಟ್ಯೂಬು ಮುಗಿದು ತಿಂಗಳ ಮೇಲಾಯಿತು. ನಾನು ಕೆಲಸಕ್ಕಿರುವ ಭಾವನ ಸೈಕಲ್ ಅಂಗಡಿಗೆ ಏನೇನು ತರಿಸಬೇಕೆಂದು ಈಗ ಕಂಪ್ಯೂಟರೇ ಹೇಳುವುದು. ಹಿಂದೆ ಎಷ್ಟು ಮಾರಾಟವಾಗಿದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಅಂಗಡಿಯಲ್ಲೇ ಇಲ್ಲದ ಟ್ಯೂಬು ಮಾರಾಟವಾಗುವುದಾದರೂ ಹೇಗೆ? ಬೇಡಿಕೆ ಸೊನ್ನೆ ಎಂದು ಅದನ್ನು ಕೈಬಿಟ್ಟಿದೆ.

ಇವತ್ತು ಟೈಲರ್ ಮಾವ ಮತ್ತೆ ಬಂದರು. ಅವರು ಕೂತಿದ್ದ, ಗಾಳಿ ಇಳಿದ ಕುರ್ಚಿಯನ್ನು ಅವರ ಮಗಳು ಏದುಸಿರು ಬಿಡುತ್ತಾ ತಳ್ಳುತ್ತಿದ್ದಳು. ಮುಂದಿನ ವಾರ ಬನ್ನಿ ಎಂದುಬಿಡು ಎನ್ನುವಂತೆ ಭಾವ ನನಗೆ ಕಣ್ಸನ್ನೆ ಮಾಡಿದರು. ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಇನ್ನು ತರಿಸೋದೇ ಇಲ್ಲ ಮಾವ. ಯಾರಿಗೂ ಬೇಡವಂತೆ."

"ನಾನು ಯಾರೂ ಅಲ್ವೇನೋ?" ಎಂದು ಮಾವ ನಕ್ಕರು. ಮಗಳು ನಗಲಿಲ್ಲ.

ಅವರು ಹೋದ ಮೇಲೆ ಭಾವ ಬೈದರು: "ಸ್ಕೂಲು ಬಿಟ್ರೂ ಬಾಯಿಗೇನೂ ಕಮ್ಮಿಯಿಲ್ಲ. ಇನ್ನು ಅವರು ಈ ಕಡೆ ತಲೆ ಹಾಕ್ತಾರಾ?"

ಹಾಕುವುದಿಲ್ಲ. ಕಂಪ್ಯೂಟರಿನ ಸೊನ್ನೆಯನ್ನು ಇವತ್ತು ನಾನೇ ನಿಜ ಮಾಡಿದೆ.