ಹದಿಮೂರು ಸೀಸೆಗಳ ಉಳಿದರ್ಧ

ಪ್ರಯೋಗಾಲಯ, ಎರಡನೇ ಮಹಡಿ
ಗುರುವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುವುದು ಈ ಸಲವಾದರೂ ನಿಂತಿತೇ? ಅಮ್ಮ ಚೆನ್ನಾಗಿದ್ದಾಳೆ, ಮಾತ್ರೆಯನ್ನು ಮಾತ್ರ ನಾನು ಎದುರು ನಿಂತರಷ್ಟೇ ನುಂಗುತ್ತಾಳೆ. ಫೋನಿನಲ್ಲಾದರೆ ನೀನು ನಗಿಸಿ ಮಾತು ತಪ್ಪಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ನಾಳೆ ನಿಮಗೆ ಸಾಮಾನು ತರುವ ದೋಣಿಯಲ್ಲಿ ಬರುತ್ತದೆ.

ಸೋಮವಾರ ಮೇಡಂ ನನ್ನನ್ನು ಕರೆದು, ಹೋದ ವರ್ಷದ ಹದಿಮೂರು ಸೀಸೆಗಳನ್ನು ಇನ್ನೊಮ್ಮೆ ನೋಡಲು ಹೇಳಿದರು. ಮೇಲಿಂದ ಉದುರಿದ್ದನ್ನು ಹಿಡಿಯಲು ಕಡಲಾಳಕ್ಕೆ ಇಳಿಬಿಟ್ಟ ಆಲಿಕೆಯಲ್ಲಿ ಸಿಕ್ಕಿದ್ದರಲ್ಲಿ ಅರ್ಧವನ್ನು ನೀನು ಅಳೆದಿದ್ದೆ. ಉಳಿದರ್ಧ ತಣ್ಣನೆಯ ಕೋಣೆಯಲ್ಲಿ ಹಾಗೇ ಇತ್ತು. ವರದಿಗೆ ಮುಂಚೆ ಒಂದು ತಾಳೆ, ಅಷ್ಟೇ. ನನ್ನಣ್ಣನ ಕೆಲಸವಲ್ಲವೇ ಎಂದು ಬೀಗುತ್ತಲೇ ಮೊದಲ ಸೀಸೆಯನ್ನು ತಟ್ಟೆಗೆ ಸುರಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಧೂಳಿನಂಥ ಪುಡಿಯ ನಡುವೆ ಸಿಗಡಿ ಮರಿಗಿಂತ ಚಿಕ್ಕ ಜೀವಿಗಳು, ಕಾಲು ಮೀಸೆ ಸಮೇತ ಇಡಿಯಾಗಿ. ನಾನು ಕೆಲಸಕ್ಕೆ ಸೇರಿದ ವಾರ ನೀನೇ ಕಲಿಸಿದ್ದೆ: "ನೋಡೇ, ಮೇಲಿನ ನೀರಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಇಂಗಾಲ ಹೀರ್ಕೊಂಡು ಬೆಳೆಯುತ್ತವೆ. ಅವು ಸತ್ತೋ, ತಿಂದವುಗಳ ಹಿಕ್ಕೆಯಾಗೋ ಆಳಕ್ಕೆ ಬಿದ್ರೆ, ಆ ಇಂಗಾಲ ನೂರಾರು ವರ್ಷ ಮೇಲೆ ಬರಲ್ಲ. ಬಿದ್ದದ್ದನ್ನ ಮಾತ್ರ ಅಳೀಬೇಕು. ಈಜ್ಕೊಂಡು ಬಂದು ಸಿಕ್ಕಿಬಿದ್ದದ್ದನ್ನ ಚಿಮಟದಲ್ಲಿ ಆರಿಸಿ ತೆಗೀಬೇಕು."

ಮೂರು ದಿನ ಕುತ್ತಿಗೆ ಹಿಡಿದುಕೊಳ್ಳುವಷ್ಟು ಆರಿಸಿದೆ. ಅವನ್ನು ತೆಗೆದು ಅಳೆದರೆ, ಕಡಲು ಆಳದಲ್ಲಿ ಬಚ್ಚಿಟ್ಟ ಇಂಗಾಲ ನಿನ್ನ ಅಂಕಿಯ ಅರ್ಧಕ್ಕಿಂತ ತುಸು ಹೆಚ್ಚು. ಅವನ್ನೂ ಸೇರಿಸಿದರೆ ಹೆಚ್ಚುಕಡಿಮೆ ನಿನ್ನದೇ ಅಂಕಿ. ಹದಿಮೂರು ಸೀಸೆಯಲ್ಲೂ ಹೀಗೇ. ಅಣ್ಣಾ, ನಿನ್ನ ಪಾಲನ್ನು ನೀನು ಆರಿಸಿಯೇ ಇರಲಿಲ್ಲ.

ನೀನು ಅದನ್ನು ಅಳೆದ ತಿಂಗಳು ಅಮ್ಮನ ಆಪರೇಷನ್ ಆಗಿತ್ತು, ನೀನೊಬ್ಬನೇ ಆಸ್ಪತ್ರೆಗೂ ಇಲ್ಲಿಗೂ ಓಡಾಡುತ್ತಿದ್ದೆ. ನಾನು ಪರೀಕ್ಷೆಯ ನೆಪ ಹೇಳಿ ಒಂದು ದಿನವೂ ಬರಲಿಲ್ಲ. ಚಿಮಟ ಹಿಡಿದು ಕೂರಲು ನಿನಗೆ ಹೊತ್ತೆಲ್ಲಿತ್ತು? ನಿನ್ನ ಮೇಲೆ ಕೋಪ ಬರಬೇಕಿತ್ತು, ಬಂದದ್ದು ನನ್ನ ಮೇಲೆ. ಆದರೂ ಆ ಅಂಕಿಯನ್ನು ನಂಬಿ, ಕಡಲು ಹೇಗೂ ನುಂಗಿಕೊಳ್ಳುತ್ತದೆ ಎಂದು ಜನ ನಿಶ್ಚಿಂತೆಯಿಂದ ಹೊಗೆಯುಗುಳುತ್ತಾರಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಇದೇನೂ ಗೊತ್ತಿಲ್ಲ.

ನಿನ್ನ
ಪುಟ್ಟಿ

ವಿ.ಸೂ.: ಎರಡು ಅಂಕಿಯಲ್ಲಿ ಯಾವುದು ಸರಿ ಎಂದು ಮೇಡಂ ಈಗಷ್ಟೇ ಬಂದು ಕೇಳಿದರು. ನನ್ನದು ಎಂದುಬಿಟ್ಟೆ. ಹಾಗಾದರೆ ಅಣ್ಣನದು ಹೇಗೆ ತಪ್ಪಿತು ಎಂದದ್ದಕ್ಕೆ, "ಸೋಮವಾರ ಅಣ್ಣನೇ ಫೋನ್ ಮಾಡಿ ಹೇಳ್ತಾನೆ" ಅಂದೆ. ವರದಿ ಬುಧವಾರ ಹೋಗುತ್ತದೆ. ಮಾಡು ಅಣ್ಣಾ.