ಸಿಡಿಯದ ಗುಂಡು

ಗುರುವಾರ, ೧೪

ಬಲಭುಜ ನೀಲಿಗಟ್ಟಿದೆ. ಆದರೆ ಉರೀತಿರೋದು ಭುಜ ಅಲ್ಲ, ಭಾವನ ಆ ನಗು ನೆನೆಸಿಕೊಂಡು ಹೊಟ್ಟೆ.

ಶೂಟಿಂಗ್ ರೇಂಜಿನಲ್ಲಿ ಅಕ್ಕನ ಗಂಡನೇ ನಮಗೆ ಕೋಚು. ಗುರಿ ತಪ್ಪಿದ್ದಕ್ಕೆ, ದೊಡ್ಡ ರೈಫಲ್ಲು ಭುಜಕ್ಕೆ ಜಾಸ್ತಿ ಒದೆಯುತ್ತೆ, ನಳಿಗೆ ಮೇಲಕ್ಕೆ ಹಾರುತ್ತೆ ಅಂತ ನಾನು ಅಂದಿದ್ದೇ ತಪ್ಪಾಯ್ತು. ನನಗೆ ಗೊತ್ತಾಗದ ಹಾಗೆ ಮದ್ದಿಲ್ಲದ ಗುಂಡು ತುಂಬಿ ಕೊಟ್ಟ. ಟ್ರಿಗರ್ ಒತ್ತಿದರೆ ಬರೀ ಟಿಕ್. ಗುಂಡು ಹಾರಲೇ ಇಲ್ಲ, ಆದರೂ ಒದೆತಕ್ಕೆ ಹೆದರಿ ನಾನೇ ನಳಿಗೆಯನ್ನ ನೆಲಕ್ಕೆ ಬಗ್ಗಿಸಿದ್ದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದ. ಎಲ್ಲರೂ ನಕ್ಕರು. ಭಾನುವಾರದ ಪಂದ್ಯದ ಪಟ್ಟಿಯಿಂದ ನನ್ನ ಹೆಸರನ್ನೂ ಹೊಡೆದುಹಾಕಿದ.

ಎಲ್ಲರೂ ಹೋದ ಮೇಲೆ, "ಭಾವ, ಹೇಗೆ ಹಿಡೀಬೇಕು, ಒಂದ್ಸಲ ತೋರಿಸಿ" ಅಂದೆ. ಅವನಿಗೆ ಗೊತ್ತಾಗದ ಹಾಗೆ ಅದೇ ಗುಂಡನ್ನ ತುಂಬಿ ಕೊಟ್ಟೆ. "ಭುಜಕ್ಕೆ ಗಟ್ಟಿಯಾಗಿ ಒತ್ಕೋಬೇಕು, ಮೈ ಮುಂದಕ್ಕೆ ವಾಲಿರಬೇಕು" ಅಂತ ಉಪದೇಶ ಮಾಡ್ತಾನೇ ಒತ್ತಿದ. ಟಿಕ್. ಅವನ ನಳಿಗೆ ನನ್ನದಕ್ಕಿಂತ ಒಂದು ಗೇಣು ಕೆಳಗೆ!

ಮುಖ ಇಂಗು ತಿಂದ ಮಂಗನ ಹಾಗಾಯ್ತು. "ನಿಮ್ಮಕ್ಕನಿಗೆ ಹೇಳ್ಬೇಡಮ್ಮ" ಅಂದ. ಸಂಜೆ ನೋಡಿದರೆ ಪಟ್ಟಿಯಲ್ಲಿ ನನ್ನ ಹೆಸರು ಮತ್ತೆ ಬಂದಿದೆ.

ಭುಜದ ಹೆದರಿಕೆ ಇನ್ನೂ ಹೋಗಿಲ್ಲ, ಅದನ್ನ ನಾಳೆ ನೋಡ್ಕೋತೀನಿ. ಅಕ್ಕನಿಗೇನೂ ಹೇಳಲ್ಲ.

ಭಾನುವಾರದ ತನಕ.